ಫಾರಿನ್ ಬಾಡಿ

ಆಗಸ್ಟ್ 11, ಸೋಮವಾರ

ಶರಣ್ಯಾಳ ಕೆಮ್ಮು ಇನ್ನೂ ಇಳಿದಿಲ್ಲ. ಸಿರಪ್ ಎರಡನೇ ಬಾಟಲಿ ಮುಗಿಯಿತು. ಆದರೂ ಸ್ಕೂಲಿಗೆ ಕಳಿಸಿದೆ. ಯುಕೆಜಿಯಲ್ಲಿ ಇವತ್ತು ಕಲಿಸಿದ್ದು — ಸ್ಟ್ರೇಂಜರ್. ಅಂದರೆ ಗುರುತಿಲ್ಲದವರು. ಅವರು ಕೊಟ್ಟದ್ದು ತಿನ್ನಬಾರದು, ಕರೆದರೆ ಹೋಗಬಾರದು. ಮಗಳ ಜೊತೆ ನನ್ನದೂ ಇಂಗ್ಲಿಷ್ ಪಾಠ. ಬರೆದುಕೊಂಡೆ.

"ಅವ್ವಾ, ಬಾಜೂಮನಿ ಸೀತಜ್ಜಿ ಸ್ಟ್ರೇಂಜರಾ?"

"ಹೂಂ" ಎಂದೆ.

ಭರತ್‌ಗೆ ವರ್ಗವಾಗಿ ಸಿದ್ದಾಪುರಕ್ಕೆ ಬಂದು ಮೂರು ತಿಂಗಳು. ಲೈನ್‌ಮನ್ ಕೆಲಸ, ದಿನವಿಡೀ ಹೊರಗೆ. ನಾನು ಹಾವೇರಿ ಮಾತಿನಲ್ಲಿ ಸಕ್ಕರೆ ಕೇಳಿದರೂ ಅಂಗಡಿಯಲ್ಲಿ ಒಬ್ಬರಾದರೂ ತಿರುಗಿ ನೋಡುತ್ತಾರೆ. ಸೀತಮ್ಮ ತಮ್ಮವರ ಜೊತೆ ಫೋನಿನಲ್ಲಿ ಮಾತಾಡುವುದಂತೂ ನನಗೆ ಒಂದಕ್ಷರ ತಿಳಿಯದು. ಕನ್ನಡವೇ... ಆದರೂ.

ಆಗಸ್ಟ್ 13, ಬುಧವಾರ

ಕೆಟ್ಟದಾಯಿತು. ಸೀತಮ್ಮ ಬೇಲಿಯಾಚೆಯಿಂದ ತೊಡೆದೇವು ಎಂಬ ಇಲ್ಲಿನ ಸಿಹಿ ಚಾಚಿದರು. ಶರಣ್ಯಾ ಕೈ ಹಿಂದೆ ಕಟ್ಟಿಕೊಂಡು — "ಯು ಆರ್ ಸ್ಟ್ರೇಂಜರ್."

"ಹಂಗಂದ್ರೆ ಎಂತ ತಂಗಿ?" ನನ್ನನ್ನು ಕೇಳಿದರು.

"ಬಾಜೂಮನಿಯವರು ಅಂತರಿ" ಎಂದುಬಿಟ್ಟೆ.

ನಕ್ಕು ತೊಡೆದೇವು ನನ್ನ ಕೈಗಿಟ್ಟರು. ಶರಣ್ಯಾ ಕೆಮ್ಮಿದಳು. ಹೊರಟವರು ನಿಂತರು. ಎಷ್ಟು ದಿನವಾಯಿತೆಂದು ಕೇಳಿದರು. ಎರಡು ವಾರ ಎಂದೆ. ಬೇಗ ಬಾಗಿಲು ಹಾಕಿಕೊಂಡೆ.

ಆಗಸ್ಟ್ 21, ಗುರುವಾರ. ಹುಬ್ಬಳ್ಳಿ, ಆಸ್ಪತ್ರೆ. ಬೆಳಿಗ್ಗೆ 11

ಪುಸ್ತಕ ಮನೆಯಲ್ಲಿದೆ. ಎಕ್ಸ್‌ರೇ ಕವರಿನ ಹಿಂದೆ ಬರೆಯುತ್ತಿದ್ದೇನೆ. ಮಗು ಮಲಗಿದೆ. ಉಸಿರು ನೆಟ್ಟಗಿದೆ.

ಮಂಗಳವಾರ ಸೀತಮ್ಮ ತಾವಾಗಿ ಒಳಗೆ ಬಂದರು. ನಲವತ್ತು ವರ್ಷ ಮಕ್ಕಳಿಗೆ ಸಂಗೀತ ಕಲಿಸಿದವರು. ಶರಣ್ಯಾಳ ಬೆನ್ನಿಗೆ ಕಿವಿಯಿಟ್ಟರು. ಆಚೆಗೊಮ್ಮೆ, ಈಚೆಗೊಮ್ಮೆ.

"ಇದು ಥಂಡಿ ಕೆಮ್ಮಲ್ಲ ತಂಗಿ. ಬಲಗಡೆ ಮಾತ್ರ ಸೀಟಿ ಹೊಡಿತಾ ಇದ್ದು. ಎಡಗಡೆ ಇಲ್ಲೆ. ಎಂತದೋ ಅಡ್ಡ ನಿಂತಿದ್ದು. ಶಿರಸಿಗೆ ಹೋಪನ, ಈಗಲೇ."

ಭರತ್ ಯಾವುದೋ ಕಂಬದ ಮೇಲೆ. ಫೋನ್ ಎತ್ತಲಿಲ್ಲ.

"ಆನೂ ಬರ್ತೆ" ಎಂದು ಉಟ್ಟ ಸೀರೆಯಲ್ಲೇ ಚಪ್ಪಲಿ ಮೆಟ್ಟಿದರು.

ಶಿರಸಿಯಲ್ಲಿ ಎಕ್ಸ್‌ರೇ. ರಿಪೋರ್ಟಿನಲ್ಲಿ ಅಕ್ಷರ ಕೂಡಿಸಿ ಓದಿದೆ — ಫಾರಿನ್ ಬಾಡಿ. ಫಾರಿನ್ ಅಂದರೆ ಪರದೇಶ. ಬಾಡಿ ಅಂದರೆ... ನಮ್ಮ ಕಡೆ ಹೆಣಕ್ಕೇ ಬಾಡಿ ಅನ್ನುವುದು. ಗೋಡೆ ಹಿಡಿದು ಕೂತೆ. ಡಾಕ್ಟರ್ ಬಿಡಿಸಿ ಹೇಳಿದರು: ಹೊರಗಿನದೇನೋ ಶ್ವಾಸನಾಳಕ್ಕೆ ಹೋಗಿ ಸಿಕ್ಕಿಕೊಂಡಿದೆ ಅಂತ ಅನುಮಾನ. ಆ ವಸ್ತು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಬಲಗಡೆ ಗಾಳಿ ಸಿಕ್ಕಿಬಿದ್ದದ್ದು ಕಾಣುತ್ತದೆ. ತಡಮಾಡದೆ ಹುಬ್ಬಳ್ಳಿಗೆ ಹೋಗಿ.

ಬಾಡಿಗೆ ಕಾರಿನಲ್ಲಿ ಎಕ್ಕಂಬಿ ಊರು ದಾಟುವಾಗ ಒಂದು ಯೋಚನೆ ಬಂತು. ಸೀತಮ್ಮನ ಅಂಗಳದಲ್ಲಿ ಅಡಿಕೆ ಬಿದ್ದಿರುತ್ತದೆ. ಅಲ್ಲಿನ ಚೂರೇ ಇರಬೇಕು. ಅವರ ಮನೆಯಿಂದಲೇ ಬಂದದ್ದು... ಹೀಗೆ ಯೋಚಿಸುವಾಗ ಮಗು ಅವರ ತೊಡೆಯ ಮೇಲೆ ಮಲಗಿತ್ತು. ಅವರ ಅಂಗೈ ಅದರ ಬೆನ್ನ ಮೇಲಿತ್ತು.

ಇಲ್ಲಿ ವಾರ್ಡಿನ ಬಾಗಿಲಲ್ಲಿ ಸೆಕ್ಯೂರಿಟಿಯವನು ಅವರನ್ನು ತಡೆದ. "ಔಟ್‌ಸೈಡರ್ಸ್‌ಗೆ ಪರ್ಮಿಷನ್ ಇಲ್ರಿ."

"ಔಟ್‌ಸೈಡರ್ ಅಲ್ರಿ, ನಮ್ಮ ದೊಡ್ಡವ್ವ" ಎಂದೆ. ಯೋಚಿಸಿ ಹೇಳಿದ್ದಲ್ಲ.

ನಿನ್ನೆ ಬೆಳಿಗ್ಗೆ ಬಾಯಿಯಿಂದ ನಳಿಗೆ ಇಳಿಸಿ ತೆಗೆದರು. ಸಣ್ಣ ಡಬ್ಬಿಯಲ್ಲಿ ಹಾಕಿ ತೋರಿಸಿದರು. ಅರ್ಧ ಶೇಂಗಾ ಕಾಳು.

ಪಂಚಮಿಗೆ ಅಣ್ಣ ಮಡಿವಾಳಪ್ಪ ತಂದ ಶೇಂಗಾ ಉಂಡಿ. ನನ್ನ ತವರಿನದು. ಓಡುತ್ತಾ ತಿಂದು ನೆತ್ತಿಗೇರಿಸಿಕೊಂಡಿದ್ದಳು. ನಾನೇ ನೀರು ಕುಡಿಸಿದ್ದೆ, ಮರೆತಿದ್ದೆ. ಇನ್ನೂ ತಡವಾಗಿದ್ದರೆ ಶ್ವಾಸಕೋಶವೇ ಕೆಡುತ್ತಿತ್ತಂತೆ.

ನಿನ್ನೆ ಸಂಜೆ ಸೀತಮ್ಮನಿಗೆ ಎಲ್ಲ ಹೇಳಿದೆ. ಅಡಿಕೆಯ ಅನುಮಾನ, ಸ್ಟ್ರೇಂಜರ್ ಸುಳ್ಳು, ಎರಡೂ.

"ಆನು ಹಳೇ ಎಸ್ಸೆಸ್ಸೆಲ್ಸಿ ತಂಗಿ. ಆ ಶಬ್ದ ಗೊತ್ತಿತ್ತು."

"ಮತ್ತ್ಯಾಕ ಸುಮ್ಮನಾದ್ರಿ?"

"ಸುಳ್ಳು ಹೇಳುವಾಗ ನಿನ್ನ ಮುಖ ಕೆಂಪಾತು. ಈ ಹುಡುಗಿ ಕೆಟ್ಟೋಳಲ್ಲ ಅನ್ನಿಸ್ತು."

ಎರಡು ದಿನದಿಂದ ಬಾರದ ಅಳು ಆಗ ಬಂತು.

ಆಗಸ್ಟ್ 24, ಭಾನುವಾರ

ಮನೆ. ಭರತ್ ಅವರ ಕಾಲಿಗೆ ಬಿದ್ದು ಎದ್ದ. ನನಗೆ ಬರೀ ಥ್ಯಾಂಕ್ಸ್ ಸಾಲದು ಅನ್ನಿಸಿತು. ಜೋಳದ ರೊಟ್ಟಿ, ಎಣ್ಣೆಗಾಯಿ ಒಯ್ದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಎರಡು ರೊಟ್ಟಿ ತಿಂದರು. "ನಾಳೆ ಬೆಲ್ಲ ಹಾಕಿ ಆನು ಮಾಡ್ತೆ" ಎಂದರು.

ಸೆಪ್ಟೆಂಬರ್ 4, ಗುರುವಾರ. ಸಂಜೆ 5

ಡಾಕ್ಟರ್ ನಿನ್ನೆ ನೋಡಿದರು. ಎರಡೂ ಬದಿ ಒಂದೇ ಸಮ. ಇನ್ನು ಬರುವುದು ಬೇಡ ಎಂದರು.

ಇವತ್ತಿನಿಂದ ಶರಣ್ಯಾಳಿಗೆ ಸೀತಮ್ಮನ ಹತ್ತಿರ ಸಂಗೀತ. ತಾನೇ ಬೇಲಿ ದಾಟಿ ಹೋದಳು. ಅಕ್ಕಿ ಆರಿಸುವುದು ಬಿಟ್ಟು ಇಲ್ಲಿ ಕೂತಿದ್ದೇನೆ. ಶ್ರುತಿ ಪೆಟ್ಟಿಗೆ ಶುರುವಾಯಿತು. ಸೀತಮ್ಮ ಒಮ್ಮೆ ಹಾಡಿ ತೋರಿಸಿದರು. ಈಗ ಇವಳು. ಸಾ... ಸಣ್ಣ ದನಿ. ಎಳೆಯುತ್ತಿದ್ದಾಳೆ. ನಡುವೆ ಎಲ್ಲೂ ಕೆಮ್ಮಿಲ್ಲ. ನಾನೇ ಉಸಿರು ಹಿಡಿದು ಕೂತಿದ್ದೇನೆ. ಅವಳು ಇನ್ನೂ ಬಿಟ್ಟಿಲ್ಲ. ಇನ್ನೂ —