ಪೂರ್ತಿ ಬಂದವರು

ಹೊಸ ವಸತಿ, ನಾಲ್ಕನೇ ಬ್ಲಾಕು, ಮೂರನೇ ಮಹಡಿ
ತಾರೀಖು ಹದಿನೇಳು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಎದೆಯೊಳಗಿನ ಗೊರಗೊರ ಸ್ವಲ್ಪವಾದರೂ ಇಳಿಯಿತೇ? ಅರದಿಂದ ಉಜ್ಜುವಾಗ ಹಿತ್ತಾಳೆ ಪುಡಿ ಒಳಗೆ ಹೋಗದಂತೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕೆಂದು ಡಾಕ್ಟರು ಹೇಳಿ ಎರಡು ವರ್ಷವಾಯಿತು. ನೀನು ಕಟ್ಟಿಕೊಳ್ಳುವುದಿಲ್ಲ ಎಂದು ನನಗೆ ಗೊತ್ತು. ಬಾಯಿ ಮುಚ್ಚಿಕೊಂಡು ಬೀಗದ ಕೈ ಮಾಡುವುದು ನಿನ್ನಿಂದ ಆಗುವ ಕೆಲಸವಲ್ಲ. ಇಲ್ಲಿ ನಾವು ಮೂವರೂ ಇದ್ದೇವೆ. ನಿನ್ನ ಸೊಸೆಗೆ ಹೋಟೆಲಿನ ಬಟ್ಟೆ ಒಗೆದೂ ಒಗೆದೂ ಬೆರಳ ಸಂದಿಯೆಲ್ಲ ಬಿರಿದಿದೆ. ಕೇಳಿದರೆ ಏನೂ ಆಗಿಲ್ಲ ಎನ್ನುತ್ತಾಳೆ, ಆಮೇಲೆ ತಟ್ಟೆ ಹಿಡಿಯುವಾಗ ಮುಖ ಕಿವುಚುತ್ತಾಳೆ. ನಮ್ಮ ಪಟಾಕಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ, ಆದರೂ ಮಾತು ಒಂದಿಷ್ಟೂ ಕಡಿಮೆಯಾಗಿಲ್ಲ. ಏಳು ವರ್ಷಕ್ಕೇ ಅವಳು ಯಾರ ಮೊಮ್ಮಗಳೆಂದು ಇಡೀ ಬ್ಲಾಕಿಗೆ ಗೊತ್ತಾಗುವಂತಿದೆ.

ಫೋನ್ ಮಾಡದೆ ಕಾಗದ ಬರೆಯುತ್ತಿದ್ದಾನಲ್ಲ ಎಂದು ನಿನಗೆ ಅನ್ನಿಸಬಹುದು. ಇಲ್ಲಿನ ಗೋಡೆಗಳು ಎಷ್ಟು ತೆಳುವೆಂದರೆ ಪಕ್ಕದ ಮನೆಯಾತ ಸೀನಿದರೆ ನಮ್ಮ ಪಟಾಕಿ ಮೂಗು ಒರೆಸಿಕೊಳ್ಳುತ್ತಾಳೆ. ಈಗ ಬರೆಯುವುದು ಬೇರೆಯವರ ಕಿವಿಗೆ ಬೀಳಬಾರದ ವಿಷಯ. ಊರಿಗೆ ಸಾಮಾನು ಒಯ್ಯುವ ಲಾರಿ ಮಾಮ ಇವತ್ತು ಹೊರಡುತ್ತಾನೆ, ಅವನ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ. ಓದಿದ ಮೇಲೆ ಒಲೆಗೆ ಹಾಕು.

ನಿನ್ನ ಕಾಗದ ತಲುಪಿತು. ತೆರಿಗೆ ಕಟ್ಟಿಲ್ಲವೆಂದು ಒಂದನೇ ತಾರೀಖು ಅಂಗಡಿಗೆ ಮುದ್ರೆ ಹಾಕಲು ಬರುತ್ತಾರೆಂದು ಬರೆದು, ಅದರ ಕೆಳಗೆ "ಬಂದು ಹಾಕ್ಲಿ. ಅವರ ಬೀಗ ತೆಗೆಯೋಕೆ ನಂಗೆ ಎಷ್ಟು ಹೊತ್ತು ಬೇಕು?" ಎಂದು ಬರೆದಿದ್ದೀಯ. ಅದನ್ನು ಓದಿ ನಿನ್ನ ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ನೀನು ಮಲಗುವುದು ಆ ಅಂಗಡಿಯ ಹಿಂದಿನ ಕೋಣೆಯಲ್ಲೇ ಅಲ್ಲವೇ? ಬಾಗಿಲಿಗೆ ಮುದ್ರೆ ಬಿದ್ದರೆ ಎಲ್ಲಿ ಮಲಗುತ್ತೀಯ? ನೀನು ಆ ಬೀಗವನ್ನು ಎರಡು ನಿಮಿಷದಲ್ಲಿ ತೆಗೆಯುತ್ತೀಯ, ನಿಜ. ಮೂರನೇ ನಿಮಿಷಕ್ಕೆ ಪೊಲೀಸರು ಬರುತ್ತಾರೆ. ಸರ್ಕಾರದ ಮುದ್ರೆ ಒಡೆದರೆ ಆರು ತಿಂಗಳು ಒಳಗೆ ಹಾಕುತ್ತಾರೆ. ಈ ಎದೆ ಇಟ್ಟುಕೊಂಡು ಅಲ್ಲಿ ಆರು ದಿನ ಕಳೆಯುವುದೂ ನಿನ್ನಿಂದಾಗದು. ಒಂದನೇ ತಾರೀಖಿನೊಳಗೆ ನೀನು ಅಲ್ಲಿಂದ ಹೊರಡಬೇಕು. ಕೈ ಮುಗಿದು ಕೇಳುತ್ತಿದ್ದೇನೆ.

ನೀನು ಏಕೆ ಹೊರಡುವುದಿಲ್ಲ ಎಂದೂ ನನಗೆ ಗೊತ್ತು. ನಮ್ಮ ಕೌನ್ಸಿಲರ್ ಗಂಟೆಯನ್ನು ಕುರ್ಚಿಯಿಂದ ಇಳಿಸುವವರೆಗೂ ಜಾಗ ಬಿಡುವುದಿಲ್ಲ ಎಂದು ಹಟ ಹಿಡಿದಿದ್ದೀಯ. ಅವನನ್ನು ಹತ್ತಿಸಿದವಳೂ ನೀನೇ ಅಲ್ಲವೇ? ಅವನ ಗಂಟಲಿಗೆ ಗಂಟೆ ಎಂದು ಹೆಸರಿಟ್ಟವಳು ನೀನು, ಅವನಿಗಾಗಿ ಮನೆ ಮನೆಗೆ ಹೋಗಿ ವೋಟು ಕೇಳಿದವಳು ನೀನು. ಅಂಗಡಿಗಳ ತೆರಿಗೆ ಇಳಿಸುತ್ತೇನೆ ಎಂದ. ಗೆದ್ದ ಮೂರು ತಿಂಗಳಿಗೆ ಗಿರಣಿ ಮುಚ್ಚಿತು, ಕೌನ್ಸಿಲಿನ ಪೆಟ್ಟಿಗೆ ಬರಿದಾಯಿತು, ಬೀದಿಗೆ ಮುಖ ಮಾಡಿದ ಪ್ರತಿ ಬಾಗಿಲಿಗೂ ತೆರಿಗೆ ಬಂತು. ಬೀದಿಗೆ ಇಷ್ಟು ಎಂದು ಗೊತ್ತುಮಾಡಿ, ಅದನ್ನು ಅಂಗಡಿಗಳು ಹಂಚಿಕೊಂಡು ಕಟ್ಟಬೇಕೆಂದರು. ಮೊದಲು ಬಟ್ಟೆಗೆ ಬಣ್ಣ ಹಾಕುವವನು ಊರು ಬಿಟ್ಟ, ಅವನ ಪಾಲು ನಮ್ಮೆಲ್ಲರ ತಲೆಗೆ ಬಂತು. ಅದನ್ನು ಕಟ್ಟಲಾರದೆ ಕನ್ನಡಕದವನು ಹೋದ. ಆಮೇಲೆ ವಾರಕ್ಕೆ ಒಬ್ಬರು, ಇಬ್ಬರು. ಹೋಗುವವರೆಲ್ಲ ನಮ್ಮಲ್ಲೇ ಬೀಗ ಕೊಂಡು ಬಾಗಿಲಿಗೆ ಹಾಕಿಕೊಂಡು ಹೋದರು. "ಊರು ಖಾಲಿಯಾದ್ರೆ ನಾವು ಸಾಹುಕಾರ್ರು ಕಣೋ" ಎಂದು ನೀನು ಹೇಳಿದಾಗ ನಾನೂ ನಕ್ಕಿದ್ದೆ. ಆ ಚಳಿಗಾಲದಲ್ಲಿ ಮಾರಿದಷ್ಟು ಬೀಗ ಅಪ್ಪನ ಕಾಲದಲ್ಲೂ ಮಾರಿರಲಿಲ್ಲ. ಈಗ ಮೂವತ್ತು ಅಂಗಡಿಗಳ ತೆರಿಗೆಯನ್ನು ಆರು ಅಂಗಡಿಗಳು ಕಟ್ಟಬೇಕು, ಆ ಆರರಲ್ಲಿ ನಿನ್ನದೂ ಒಂದು.

ಇಲ್ಲಿ ಬಂದು ನಾವು ಗುಡ್ಡೆ ಹಾಕಿದ್ದೂ ಏನೂ ಇಲ್ಲ. ನಗರ ದೊಡ್ಡದಾಗಬೇಕು, ಬಂದು ನೆಲೆಸುವವರಿಗೆ ಏಳು ವರ್ಷ ತೆರಿಗೆಯಿಲ್ಲ ಎಂದು ಇಲ್ಲಿನ ಮೇಯರ್ ಮೈಕಿನಲ್ಲಿ ಕೂಗಿಸಿದ. ನಾವು ಬಂದೆವು. ನಮ್ಮಂತೆ ಊರೂರುಗಳೇ ಗಂಟು ಕಟ್ಟಿಕೊಂಡು ಬಂದವು. ಆ ಕೂಗು ಮನೆ ಮಾಲೀಕರ ಕಿವಿಗೂ ಬಿದ್ದಿತ್ತಲ್ಲ, ನಗರಸಭೆಯ ಈ ಬ್ಲಾಕಿನಲ್ಲಿ ಮನೆ ಸಿಗುವವರೆಗೆ, ಸರ್ಕಾರ ಬಿಟ್ಟದ್ದನ್ನು ಅವರು ಬಾಡಿಗೆಯಲ್ಲಿ ಎಳೆದುಕೊಂಡರು. ನಾನು ಹೊಸ ಕಟ್ಟಡಗಳಲ್ಲಿ ದಿನಕ್ಕೆ ಐವತ್ತು ಬಾಗಿಲಿಗೆ ಬೀಗ ಕೂರಿಸುತ್ತೇನೆ. ಅರ ಬೇಡ, ಕಿವಿ ಬೇಡ, ನಾಲ್ಕು ಸ್ಕ್ರೂ ತಿರುಗಿಸಿದರೆ ಮುಗಿಯಿತು. ಬೀಗಕ್ಕೆ ಕಿವಿ ಕೊಟ್ಟು ಒಳಗಿನದನ್ನೆಲ್ಲ ಹೇಳುವ ನೀನು ಇವನ್ನು ನೋಡಿದರೆ ಅಂಗಡಿಯಿಂದ ಆಚೆ ಎಸೆಯುತ್ತಿದ್ದೆ. ಮೇಸ್ತ್ರಿ ನನ್ನನ್ನು ಸ್ಕ್ರೂ ಎಂದೇ ಕರೆಯುತ್ತಾನೆ, ನಾನೂ ಓಗೊಡುತ್ತೇನೆ.

ಈಗ ಚುನಾವಣೆ ಬರುತ್ತಿದೆ. ಬಸ್ಸು, ಶಾಲೆ, ಆಸ್ಪತ್ರೆ ಎಲ್ಲ ನಮ್ಮಿಂದ ತುಂಬಿಹೋಗಿದೆ ಎಂದು ಇಲ್ಲಿನ ಹಳಬರಿಗೆ ಸಿಟ್ಟು. ಇಲ್ಲಿ ದುಡಿದು ಅಲ್ಲಿಗೆ ಕಳಿಸುವವರಿಗೆ ತೆರಿಗೆ ಏಕೆ ಮಾಫಿ ಎಂದು ಎದುರು ಪಕ್ಷದವರು ದಿನಾ ಬಾಯಿ ಬಡಿದುಕೊಳ್ಳುತ್ತಿದ್ದಾರೆ. ಕುರ್ಚಿ ಅಲುಗಾಡಿದ ಮೇಯರ್ ಹೊಸ ನಿಯಮ ತಂದ: ಮಾಫಿ, ಬ್ಲಾಕಿನ ಮನೆ, ಶಾಲೆಯ ಸೀಟು ಎಲ್ಲವೂ ಪೂರ್ತಿ ಬಂದವರಿಗೆ ಮಾತ್ರ. ತಂದೆ, ತಾಯಿ, ಹೆಂಡತಿ, ಮಕ್ಕಳಲ್ಲಿ ಯಾರಾದರೂ ಬೇರೆ ಊರಲ್ಲಿ ಉಳಿದಿದ್ದರೆ ನೀವು ಅರ್ಧ ಬಂದವರು. ಅರ್ಧ ಬಂದವರು ಬಂದ ದಿನದಿಂದ ತೆರಿಗೆ ಕಟ್ಟಬೇಕು, ಮನೆ ಬಿಡಬೇಕು. ಕೆಳಗಿನ ಮಹಡಿಯ ಪೇಂಟರ್ ಹೆಂಡತಿಯನ್ನು ತವರಿನಲ್ಲಿ ಬಿಟ್ಟು ಬಂದಿದ್ದು ಹೇಗೋ ಗೊತ್ತಾಯಿತು. ಮೂರನೇ ದಿನ ಅವನ ಪಾತ್ರೆ ಪಗಡೆ ಮೆಟ್ಟಿಲ ಮೇಲಿದ್ದವು. ಅವನ ಬಾಗಿಲ ಬೀಗ ಬದಲಾಯಿಸಲು ನನ್ನನ್ನೇ ಕಳಿಸಿದರು. ಅವನು ಪಕ್ಕದಲ್ಲೇ ನಿಂತು ನೋಡುತ್ತಿದ್ದ, ನಾನು ತಲೆ ಎತ್ತದೆ ಸ್ಕ್ರೂ ತಿರುಗಿಸಿದೆ.

ಹಾಗಾದರೆ ನೀನು ಹೇಗೆ ಉಳಿದೆ ಎಂದು ಕೇಳುತ್ತೀಯ. ಅಮ್ಮಾ, ಇದನ್ನು ಬರೆಯಲಾಗದೆಯೇ ಇಷ್ಟು ಹೊತ್ತು ಊರ ಪುರಾಣ ಹೇಳಿದೆ. ನಾವು ಬಂದ ಹೊಸದರಲ್ಲಿ ಹೆಸರು ಬರೆಸಲು ಹೋದಾಗ ದೊಡ್ಡ ಸಾಲಿತ್ತು. ಮೇಜಿನ ಹಿಂದಿನ ಗುಮಾಸ್ತ ತಲೆ ಎತ್ತದೆ ಕೇಳುತ್ತಾ ಬರೆಯುತ್ತಿದ್ದ. "ಹೆಂಡತಿ?" ಎಂದ, "ಇದಾಳೆ" ಎಂದೆ. "ಮಕ್ಕಳು?" ಎಂದ, "ಒಬ್ಬಳಿದಾಳೆ" ಎಂದೆ. "ತಂದೆ?" ಎಂದ, "ಇಲ್ಲ" ಎಂದೆ. "ತಾಯಿ?" ಎಂದ. ಜೊತೆಯಲ್ಲಿ ಬಂದಿದ್ದಾರೆಯೇ ಎಂದು ಕೇಳುತ್ತಿದ್ದಾನೆ ಅಂದುಕೊಂಡು "ಇಲ್ಲ" ಎಂದುಬಿಟ್ಟೆ. ಅವನು ಎರಡು "ಇಲ್ಲ"ಗಳನ್ನೂ ಒಂದೇ ಥರ ಬರೆದುಕೊಂಡ. ಮನೆಗೆ ಬಂದು ಚೀಟಿ ನೋಡಿದರೆ ಅಪ್ಪನ ಮುಂದೆ ಬರೆದ ಮಾತೇ ನಿನ್ನ ಮುಂದೆಯೂ ಇತ್ತು. ನಿನ್ನ ಸೊಸೆ ಚೀಟಿಯನ್ನು ಕಿತ್ತುಕೊಂಡು, ನಾಳೆಯೇ ಹೋಗಿ ಸರಿ ಮಾಡಿಸಿಕೊಂಡು ಬಾ ಎಂದು ಬೈದಳು. ಮರುದಿನ ಹೋದೆ, ಸಾಲು ಬೀದಿಯ ತುದಿಯವರೆಗಿತ್ತು. ಒಂದು ದಿನದ ಕೂಲಿ ಹೋಗುತ್ತದೆಂದು ತಿರುಗಿ ಬಂದೆ. ಆಗ ಈ ಅರ್ಧ-ಪೂರ್ತಿಯ ನಿಯಮ ಇರಲಿಲ್ಲ, ಅಕ್ಷರದ ತಪ್ಪು ಯಾವಾಗ ಬೇಕಾದರೂ ತಿದ್ದಿಸಬಹುದು ಅಂದುಕೊಂಡಿದ್ದೆ.

ಈಗ ಆ ತಪ್ಪಿನಿಂದಲೇ ನಾವು ಪೂರ್ತಿ ಬಂದವರು. ಅದನ್ನು ತಿದ್ದಿಸಿದರೆ ಸುಳ್ಳು ಹೇಳಿ ಮಾಫಿ ತಿಂದವನಾಗುತ್ತೇನೆ, ಪಟಾಕಿಯ ಶಾಲೆ ಹೋಗುತ್ತದೆ, ನಾವು ಮೂವರೂ ಬೀದಿಗೆ ಬೀಳುತ್ತೇವೆ. ತಿದ್ದಿಸದಿದ್ದರೆ ನಿನ್ನನ್ನು ಈ ಮನೆಗೆ ಕರೆತರುವುದು ಹೇಗೆ? ಗೇಟಿನಲ್ಲಿ ಪ್ರತಿಯೊಬ್ಬರ ಚೀಟಿ ನೋಡುತ್ತಾರೆ. ಕೆಲಸದಲ್ಲಿ ನಿನ್ನೆ ಒಂದೇ ಬಾಗಿಲಿಗೆ ಮೂರು ಸಲ ತೂತು ಕೊರೆದೆ. ನನಗೆ ಬಹಳ ಹೆದರಿಕೆಯಾಗುತ್ತಿದೆ ಅಮ್ಮಾ. ನೀನು ಆ ಬೀದಿಯಲ್ಲಿ ಮೂಟೆ ಹಿಡಿದುಕೊಂಡು ನಿಂತಿರುವುದೇ ಹಗಲೆಲ್ಲ ಕಣ್ಣಿಗೆ ಕಟ್ಟುತ್ತದೆ.

ಗುರುವಾರ ಲಾರಿ ಮಾಮ ತಿರುಗಿ ಇಲ್ಲಿಗೆ ಬರುತ್ತಾನೆ. ಅವನ ಪಕ್ಕದ ಸೀಟು ನಿನಗೆಂದು ಹೇಳಿಟ್ಟಿದ್ದೇನೆ. ಬಟ್ಟೆ, ಔಷಧಿ, ನಿನ್ನ ಚಿಕ್ಕ ಅರ ಇಷ್ಟೇ ತಾ. ಅಪ್ಪನ ದೊಡ್ಡ ಇಕ್ಕಳ ಬೇಡ, ಭಾರ. ಗಂಟೆಗೆ ಬೈಯುವುದಿದ್ದರೆ ಬುಧವಾರದೊಳಗೆ ಬೈದು ಮುಗಿಸು. ಉಳಿದ ಐದು ಅಂಗಡಿಯವರಿಗೂ ನನ್ನ ನಮಸ್ಕಾರ ತಿಳಿಸು. ನಿನ್ನ ಸೊಸೆ ಕಾಲಿಗೆರಗಿದ್ದಾಳೆ, ಪಟಾಕಿ ಬಿದ್ದ ಹಲ್ಲುಗಳನ್ನು ನಿನಗೆ ತೋರಿಸಲೆಂದು ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದಾಳೆ. ನಮ್ಮ ಮೇಲೆ ನಿನ್ನ ಮನಸ್ಸು ಮುರಿಯದಿರಲಿ.

ನಿನ್ನ ಮಗ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಾಗಲಿಲ್ಲ. ಲಾರಿ ಮಾಮ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ಮೊದಲನೇ ಸಲ ಬಾಯಿ ತಪ್ಪಿ ಬಂದದ್ದು ನಿಜ. ಹೋದ ತಿಂಗಳು ಹೊಸ ನಿಯಮದ ತಪಾಸಣೆಗೆ ಮತ್ತೆ ಕರೆದರು. ಈ ಸಲ ಸಾಲಿರಲಿಲ್ಲ. ಒಬ್ಬ ಹೆಂಗಸು ಅಧಿಕಾರಿ ನನ್ನನ್ನು ಕೂರಿಸಿ, ನೀರು ಕೊಟ್ಟು, "ತಾಯಿ ತೀರ್ಕೊಂಡಿದಾರಾ, ಬೇರೆ ಊರಲ್ಲಿದಾರಾ? ಯೋಚ್ನೆ ಮಾಡಿ ಹೇಳಿ" ಎಂದು ಬಿಡಿಸಿ ಕೇಳಿದರು. ನಾನು ಯೋಚನೆ ಮಾಡಿಯೇ "ತೀರ್ಕೊಂಡ್ರು" ಎಂದೆ. ಅವರು "ಪಾಪ" ಎನ್ನುತ್ತಾ ಬರೆದುಕೊಂಡರು. ಅಮ್ಮಾ, ನಿನ್ನ ತಂಗಿ, ನಮ್ಮ ಚಿಕ್ಕಮ್ಮ ಹೋದಾಗ ಕಚೇರಿಯವರ ಮುಷ್ಕರ ನಡೆಯುತ್ತಿತ್ತು, ಅವಳ ಸಾವನ್ನು ನಾವು ಬರೆಸಲೇ ಇಲ್ಲ. ಅವಳ ಗುರುತಿನ ಚೀಟಿ ಕಬ್ಬಿಣದ ಪೆಟ್ಟಿಗೆಯಲ್ಲಿದೆ, ಇಬ್ಬರ ಮುಖವೂ ಒಂದೇ. ಅದನ್ನು ಹಿಡಿದುಕೊಂಡು ಬಾ. ಚಿಕ್ಕಮ್ಮನಾದರೆ ಬಂದು ಇರಬಹುದು, ನಿಯಮದಲ್ಲಿ ಅಡ್ಡಿಯಿಲ್ಲ. ಪಟಾಕಿ ನಿನ್ನನ್ನು ಅಜ್ಜಿ ಎಂದೇ ಕರೆಯಬಹುದು, ಅವಳಿಗೆ ಸುಳ್ಳು ಕಲಿಸಬೇಕಾಗಿಲ್ಲ. ಅಮ್ಮಾ ಎನ್ನುವುದನ್ನು ನಾನೊಬ್ಬ ಬಿಡಬೇಕು. ಗೇಟಿನಲ್ಲಿ ನಿನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ, ನಿಮ್ಮ ಅಕ್ಕ ಯಾವತ್ತು ತೀರಿಕೊಂಡರು ಎಂದು. ಆ ಅಧಿಕಾರಿ ನನ್ನನ್ನೂ ಕೇಳಿದ್ದರು, ಥಟ್ಟನೆ ಬೇರೆ ಯಾವ ತಾರೀಖೂ ನೆನಪಿಗೆ ಬರಲಿಲ್ಲ. ನಾನು ಊರು ಬಿಟ್ಟ ದಿನ ಹೇಳು.