ನೋಟಕ್ಕಿಂತ ಮೊದಲು ನೆರಳು

೧೬ ಮಾರ್ಚ್ ೨೦೨೫, ಭಾನುವಾರ, ಕಳವಾ

ಗುಡ್ಡದ ರಸ್ತೆಯ ಹುಣಸೆಮರ ಉಳಿಯಿತು. ಆ ರಸ್ತೆಯ ಮುಂದಿನ ಇಪ್ಪತ್ತು ವರ್ಷಗಳ ನಿರ್ವಹಣೆಯಲ್ಲಿ ಯಾವುದು ಮೊದಲು ಎಂದು ತೀರ್ಮಾನಿಸುವ ಪಾಲಿಕೆಯ ಸಭೆ ಇವತ್ತಿತ್ತು. ಕೆಳಗಿನ ಖಾಡಿ, ಅಂದರೆ ಸಮುದ್ರದ ಹಿನ್ನೀರು, ಚೆನ್ನಾಗಿ ಕಾಣಲೆಂದು ಮರ ಕಡಿಯುವುದೇ ಯೋಜನೆಯ ಮೊದಲ ಸಾಲು. ತುರ್ಭೆ ಮಾರುಕಟ್ಟೆಯ ಕನ್ನಡದ ಹಮಾಲರ ಮನೆಯವರು ರಜೆಯ ದಿನ ರೊಟ್ಟಿಗಂಟು ಬಿಚ್ಚುವುದು ಅದರಡಿಯಲ್ಲೇ.

ಅವರ ಪರವಾಗಿ ಬಂದ ಮರೆಮ್ಮನ ಮಾತನ್ನು ನಾನು ಮರಾಠಿಗೆ ತಿರುಗಿಸಬೇಕಿತ್ತು. "ಸಾಹೇಬ್ರ, ಎಸಿ ಕಾರಿನ್ಯಾಗ ಬಂದು ಇಳೀತೀರಿ. ನೆತ್ತಿ ಸುಟ್ಟಾಗ ಖಾಡಿ ನೋಡ್ತೀರೋ, ನಮ್ಮ ಮರ ಹುಡುಕ್ತೀರೋ?" ಮೊನಚು ಸವೆಸುವ ಅನುವಾದಕರನ್ನು ಬೈಯುತ್ತಾ ಓದುವವಳು ನಾನು, ನನಗೂ ಮಾತನ್ನು ಮೆತ್ತಗೆ ಮಾಡುವ ಆಸೆಯಾಯಿತು. ಆದರೂ ಇದ್ದ ಹಾಗೇ ಹೇಳಿದೆ. ಸಭೆ ನಡೆಸುತ್ತಿದ್ದ ಎಂಜಿನಿಯರ್ ನಕ್ಕು, ಪಟ್ಟಿಯಲ್ಲಿ ನೋಟವನ್ನು ಕೆಳಗಿಳಿಸಿ ನೆರಳನ್ನು ಮೊದಲಿಗೆ ತಂದರು.

ಹೊರಗೆ ಬಂದ ಮೇಲೆ ಮರೆಮ್ಮ, "ಯಕ್ಕಾ, ಸಾಹೇಬ್ರಿಗೆ ಮೆತ್ತಗ ಮಾಡಿ ಹೇಳಿದ್ಯಲ್ಲ?" ಎಂದು ಕೇಳಿದಳು.

"ಇಲ್ಲ, ಅಷ್ಟನ್ನೂ ಹೇಳಿದೆ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇದನ್ನು ಬರೆಯುವಾಗಲೂ ನನಗೆ ಇನ್ನೂ ನಗು, ಜೊತೆಗೆ ನಿದ್ದೆಯೂ ಬರುತ್ತಿದೆ.