ಯಾರ ಕೈ ವಾಸನೆ

ನವೆಂಬರ್ 9, ಸೋಮವಾರ

ಕಡಲಸಿಂಹದ ಆ ಮರಿ ಇನ್ನು ಬದುಕಲ್ಲ.

ಬೆಳಿಗ್ಗೆ ಅದರ ತಾಯಿ ಮೀನು ಹಿಡಿಯಲು ಕಡಲಿಗಿಳಿದಿತ್ತು. ಮಾವ ಎಫ್ರೆನ್ ದೋಣಿಯಲ್ಲಿ ಕರೆತಂದ ಕತ್ತೆಯಂಥ ಪ್ರವಾಸಿಯೊಬ್ಬ ದಡದಲ್ಲಿದ್ದ ಮರಿಯನ್ನು ಎತ್ತಿ ಎದೆಗವಚಿಕೊಂಡು ಫೋಟೋಗೆ ನಿಂತ. ನನಗೆ ಮೈಯೆಲ್ಲ ಉರಿಯಿತು. ಪಕ್ಕದ ಮಾರ್ಕೆಟ್ಟಿನಲ್ಲಿ ಟ್ಯೂನಾ ಮೀನು ಕೊಯ್ಯುತ್ತಿದ್ದವಳು ಹಾಗೇ ಓಡಿಹೋಗಿ ಕಿತ್ತುಕೊಂಡೆ. ಕೈತುಂಬ ರಕ್ತ, ಕರುಳು. ತೊಳೆಯಬೇಕೆಂದು ಹೊಳೆಯಲೇ ಇಲ್ಲ.

ಮಧ್ಯಾಹ್ನ ತಾಯಿ ಬಂತು. ಮರಿಯನ್ನು ಮೂಸಿತು. ಕಚ್ಚಿ ದೂಡಿತು. ನಮ್ಮ ಗಲಾಪಗೋಸ್ ದ್ವೀಪದ ಕಡಲಸಿಂಹ ಕೊನೆಗೆ ಮೂಸಿಯೇ ಮರಿಯ ಗುರುತು ಹಿಡಿಯುವುದು; ಬೇರೆ ವಾಸನೆ ಬಂದರೆ ತನ್ನದಲ್ಲವೆಂದು ಬಿಟ್ಟುಬಿಡುತ್ತದೆ. ಬೇರೆ ಯಾವ ತಾಯಿಯೂ ಅದಕ್ಕೆ ಹಾಲು ಕೊಡುವುದಿಲ್ಲ.

ಮಾವ ನಕ್ಕ. "ಬಿಡೇ, ಒಬ್ಬ ಕಳ್ಳ ಕಮ್ಮಿ ಆದ. ದೊಡ್ಡದಾದ್ರೆ ಮೀನು ಕದಿಯೋಕೆ ನನ್ನ ಬಲೇನೇ ಹರಿಯೋದು."

"ಅದನ್ನೇ ತೋರ್ಸಿ ಹೊಟ್ಟೆ ಹೊರ್ಕೊಳ್ತಿಲ್ವಾ? ನಾಚ್ಕೆ ಆಗಲ್ವಾ?"

"ನಾನಂತೂ ಮುಟ್ಟಿಲ್ಲಮ್ಮ. ನಿನ್ನ ಕೈ ಮೂಸ್ಕೋ."

ಕೈ ಮೂಸಿಕೊಂಡೆ. ಮರಿಗೆ ಹತ್ತಿದ್ದು ಪ್ರವಾಸಿ ಬಳಿದುಕೊಂಡ ಕ್ರೀಮಿನ ವಾಸನೆಯೋ, ನನ್ನ ಮೀನಿನ ವಾಸನೆಯೋ, ಯಾರಿಗೆ ಗೊತ್ತು? ನ್ಯಾಷನಲ್ ಪಾರ್ಕಿನ ಕಾವಲುಗಾರ "ಇನ್ ಯಾರೂ ಮುಟ್ಬೇಡಿ" ಎಂದು ಸುತ್ತ ಹಗ್ಗ ಕಟ್ಟಿ ಹೋದ. ನಾವು ಹಾಲು ಕುಡಿಸುವಂತೆಯೂ ಇಲ್ಲ.

ನಾಳೆ ಮಾವ ಮತ್ತೆ ಜನರನ್ನು ಅಲ್ಲಿಗೇ ತರುತ್ತಾನೆ. ಹಸಿವಿಗೆ ಅರಚುವ ಮರಿ ತಮ್ಮನ್ನೇ ಕರೆಯುತ್ತಿದೆ ಎಂದುಕೊಂಡು ಅವರು ಹಗ್ಗದಾಚೆಗೆ ಕೈ ಚಾಚುತ್ತಾರೆ. ನಾನು ಓಡಿಹೋಗಿ ತಡೆಯಬೇಕೋ, ಈ ಕೈ ಇಟ್ಟುಕೊಂಡು ದೂರವೇ ಇರಬೇಕೋ, ತಿಳಿಯುತ್ತಿಲ್ಲ.